ಪ್ಯಾಕೇಜ್ ಇದೆಯೇ, ಎಷ್ಟು ವರ್ಷ ಬಾಳುತ್ತದೆ: ಲಿನಕ್ಸ್, ಬಿಎಸ್‌ಡಿಗಳನ್ನು ಹೋಲಿಸುವ ಕ್ರಮ

ಲಿನಕ್ಸ್‌ನ ಹಲವು ರೂಪಗಳು (ಡೆಬಿಯನ್, ಉಬುಂಟು, ಫೆಡೋರಾ, ಆರ್ಚ್ ಮುಂತಾದವು) ಮತ್ತು ಯೂನಿಕ್ಸ್ ಮನೆತನದ ಬಿಎಸ್‌ಡಿಗಳು ತಂತ್ರಾಂಶಗಳನ್ನು ಪ್ಯಾಕೇಜ್‌ಗಳಾಗಿ, ಅಂದರೆ ಹಾಕಿಕೊಳ್ಳಲು ಸಿದ್ಧವಾದ ಕಟ್ಟುಗಳಾಗಿ ಕೊಡುತ್ತವೆ. ಯಾವ ಆಪರೇಟಿಂಗ್ ಸಿಸ್ಟಂನಲ್ಲಿ ಹೆಚ್ಚು ಪ್ಯಾಕೇಜ್‌ಗಳಿವೆ ಎಂದು ಹುಡುಕಿದರೆ ಉತ್ತರ ಥಟ್ಟನೆ ಸಿಗುತ್ತದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಸುಮಾರು 69,800, ಫ್ರೀಬಿಎಸ್‌ಡಿಯ ತಂತ್ರಾಂಶ ಸಂಗ್ರಹವಾದ ಪೋರ್ಟ್ಸ್‌ನಲ್ಲಿ 30,000ಕ್ಕೂ ಹೆಚ್ಚು, ನಿಕ್ಸ್ ಎಂಬ ಪ್ಯಾಕೇಜ್ ವ್ಯವಸ್ಥೆಯ ನಿಕ್ಸ್‌ಪ್ಯಾಕೇಜಸ್‌ನಲ್ಲಿ ಒಂದು ಲಕ್ಷಕ್ಕೂ ಮಿಗಿಲು. ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೀರ್ಮಾನಕ್ಕೆ ಬಂದರೆ ಮೋಸ ಹೋಗುವುದು ಖಂಡಿತ. ಒಂದೇ ಮೂಲದಿಂದ ಡೆಬಿಯನ್ ಲೈಬ್ರರಿಗೊಂದು, ಅದನ್ನು ಬಳಸಿ ತಂತ್ರಾಂಶ ಕಟ್ಟುವವರಿಗೆ ಬೇಕಾದ ಡೆವ್ ಫೈಲುಗಳಿಗೊಂದು, ದಾಖಲೆಗಳಿಗೊಂದು ಎಂದು ಮೂರು ನಾಲ್ಕು ಪ್ಯಾಕೇಜ್ ಮಾಡಿ ಎಣಿಸುತ್ತದೆ. ಆರ್ಚ್ ಸಾಮಾನ್ಯವಾಗಿ ಅವೆಲ್ಲವನ್ನೂ ಒಂದರಲ್ಲೇ ಕಟ್ಟುತ್ತದೆ. ಅಕ್ಷರಜೋಡಣೆಯ ಟೆಕ್ ಲೈವ್ ಒಂದನ್ನೇ ಫೆಡೋರಾ ಸಾವಿರಾರು ತುಂಡು ಮಾಡಿದೆ. ನಿಕ್ಸ್‌ನ ಲಕ್ಷದಲ್ಲಿ ಹ್ಯಾಸ್ಕೆಲ್, ಪೈಥಾನ್, ಆರ್ ಭಾಷೆಗಳ ಲೈಬ್ರರಿಗಳದ್ದೇ ದೊಡ್ಡ ಪಾಲು.

ನೋಡಬೇಕಾದ್ದು ಬೇರೆ. ನಿಮಗೆ ಬೇಕಾದ ಹತ್ತಿಪ್ಪತ್ತು ತಂತ್ರಾಂಶಗಳು ಅಲ್ಲಿವೆಯೇ, ಯಾವ ಆವೃತ್ತಿಯಲ್ಲಿವೆ, ಅವುಗಳಲ್ಲಿ ದೋಷ ಸಿಕ್ಕರೆ ಯಾರು, ಯಾವ ದಿನಾಂಕದವರೆಗೆ ಸರಿಪಡಿಸುತ್ತಾರೆ? ಈ ಮೂರಕ್ಕೆ ಉತ್ತರ ಬರೆದುಕೊಳ್ಳಲು ಒಂದು ಸಂಜೆ ಸಾಕು.

ಉದಾಹರಣೆಗೆ ಒಂದು ಯಂತ್ರವನ್ನು ಇಟ್ಟುಕೊಳ್ಳೋಣ. ಅದು ಕನ್ನಡ ಪುಸ್ತಕಗಳ ಸ್ಕ್ಯಾನ್ ಪುಟಗಳನ್ನು ಓದಿ ಪಠ್ಯ ಮಾಡಬೇಕು, ಡೇಟಾಬೇಸ್‌ನಲ್ಲಿ ಇಡಬೇಕು, ವೆಬ್‌ನಲ್ಲಿ ತೋರಿಸಬೇಕು, ಹಳೆಯ ಧ್ವನಿಮುದ್ರಣಗಳನ್ನೂ ಪರಿವರ್ತಿಸಬೇಕು. ಅಂದರೆ ಪುಟ ಓದಲು ಟೆಸರಾಕ್ಟ್ ಮತ್ತು ಅದರ ಕನ್ನಡ ಡೇಟಾ, ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್, ಪೈಥಾನ್ ಭಾಷೆ, ವೆಬ್‌ಗೆ ಎಂಜಿನ್‌ಎಕ್ಸ್, ಧ್ವನಿಗೆ ಎಫ್‌ಎಫ್‌ಎಂಪೆಗ್, ಜೊತೆಗೆ ದೂರದಿಂದ ಒಳಬರಲು ಓಪನ್‌ಎಸ್‌ಎಸ್‌ಎಚ್. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಪಟ್ಟಿ ಬರೆದುಕೊಳ್ಳಿ

ಈಗಾಗಲೇ ಒಂದು ಸಿಸ್ಟಂ ಬಳಸುತ್ತಿದ್ದರೆ ನೆನಪಿನಿಂದ ಪಟ್ಟಿ ಮಾಡಬೇಡಿ, ಅರ್ಧ ಮರೆತುಹೋಗಿರುತ್ತದೆ. ನೀವಾಗಿ ಹಾಕಿಕೊಂಡ ಪ್ಯಾಕೇಜ್‌ಗಳನ್ನಷ್ಟೇ ಯಂತ್ರವೇ ಹೇಳುತ್ತದೆ. ಡೆಬಿಯನ್, ಉಬುಂಟುಗಳಲ್ಲಿ "ಆಪ್ಟ್-ಮಾರ್ಕ್ ಶೋಮ್ಯಾನುಯಲ್", ಫೆಡೋರಾದಲ್ಲಿ "ಡಿಎನ್‌ಎಫ್ ರೆಪೊಕ್ವೆರಿ --ಯೂಸರ್‌ಇನ್‌ಸ್ಟಾಲ್ಡ್", ಆರ್ಚ್‌ನಲ್ಲಿ "ಪ್ಯಾಕ್‌ಮ್ಯಾನ್ -ಕ್ಯೂಇ", ಫ್ರೀಬಿಎಸ್‌ಡಿಯಲ್ಲಿ "ಪಿಕೆಜಿ ಪ್ರೈಮ್-ಲಿಸ್ಟ್".

ಬಂದ ಪಟ್ಟಿಯನ್ನು ಎರಡು ಗುಂಪು ಮಾಡಿ. ಆವೃತ್ತಿ ಬದಲಾದರೆ ಕೆಲಸ ನಿಲ್ಲುವಂಥವು ಒಂದು ಕಡೆ: ಪೋಸ್ಟ್‌ಗ್ರೆಸ್, ಪೈಥಾನ್, ಪಿಎಚ್‌ಪಿ. ಹೊಸದಾದಷ್ಟೂ ಒಳ್ಳೆಯದು ಎನ್ನುವಂಥವು ಇನ್ನೊಂದು ಕಡೆ: ಬ್ರೌಸರ್, ಗ್ರಾಫಿಕ್ಸ್ ಡ್ರೈವರ್, ವಿಡಿಯೊ ಎಡಿಟರ್. ಮುಂದಿನ ಎಲ್ಲ ನಿರ್ಧಾರಗಳೂ ಈ ವಿಂಗಡಣೆಯ ಮೇಲೆ ನಿಲ್ಲುತ್ತವೆ. ಮೊದಲ ಗುಂಪೇ ದೊಡ್ಡದಾಗಿದ್ದರೆ ಡೆಬಿಯನ್ ಸ್ಟೇಬಲ್, ದೀರ್ಘಕಾಲ ಬೆಂಬಲವಿರುವ ಉಬುಂಟು ಎಲ್‌ಟಿಎಸ್, ಅಲ್ಮಾ, ರಾಕಿ ಕಡೆಗೆ ಒಲವಿರಲಿ. ಎರಡನೆಯದು ದೊಡ್ಡದಾಗಿದ್ದರೆ ಫೆಡೋರಾ, ಅಥವಾ ಸದಾ ಹೊಸದಾಗುತ್ತಲೇ ಇರುವ ಟಂಬಲ್‌ವೀಡ್, ಆರ್ಚ್.

ಇದೆಯೇ, ಯಾವ ಆವೃತ್ತಿ

ರೆಪಾಲಜಿ ಎಂಬ ತಾಣದಲ್ಲಿ ಒಂದು ತಂತ್ರಾಂಶದ ಹೆಸರು ಹಾಕಿದರೆ ನೂರಾರು ರೆಪೊಗಳಲ್ಲಿ (ಪ್ಯಾಕೇಜ್ ಭಂಡಾರಗಳಲ್ಲಿ) ಅದರ ಯಾವ ಆವೃತ್ತಿ ಇದೆ ಎಂದು ಒಂದೇ ಪುಟದಲ್ಲಿ ಬರುತ್ತದೆ. ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಅಲ್ಲಿ ಕೆಂಪು ಕಂಡ ಕೂಡಲೇ ಗಾಬರಿಯಾಗಬಾರದು. ಜಗತ್ತಿನ ಅತಿ ಹೊಸ ಆವೃತ್ತಿಗಿಂತ ಹಳೆಯದು ಎಂಬುದಷ್ಟೇ ಅದರ ಅರ್ಥ. ಡೆಬಿಯನ್ ಸ್ಟೇಬಲ್‌ನ ಬಹುಪಾಲು ಪ್ಯಾಕೇಜ್‌ಗಳು ಅಲ್ಲಿ ಕೆಂಪಾಗಿಯೇ ಇರುತ್ತವೆ, ಇರಲೂಬೇಕು.

ಹೆಸರುಗಳಲ್ಲಿ ಎಡವುವುದು ಹೆಚ್ಚು. ಅಪಾಚೆ ಸರ್ವರ್ ಡೆಬಿಯನ್‌ನಲ್ಲಿ ಅಪಾಚೆ2, ಫೆಡೋರಾದಲ್ಲಿ ಎಚ್‌ಟಿಟಿಪಿಡಿ, ಆರ್ಚ್‌ನಲ್ಲಿ ಬರಿಯ ಅಪಾಚೆ, ಫ್ರೀಬಿಎಸ್‌ಡಿಯಲ್ಲಿ ಅಪಾಚೆ24. ಟೆಸರಾಕ್ಟ್‌ನ ಕನ್ನಡ ಡೇಟಾ ಡೆಬಿಯನ್‌ನಲ್ಲಿ ಟೆಸರಾಕ್ಟ್-ಓಸಿಆರ್-ಕೆಎಎನ್, ಫೆಡೋರಾದಲ್ಲಿ ಟೆಸರಾಕ್ಟ್-ಲ್ಯಾಂಗ್‌ಪ್ಯಾಕ್-ಕೆಎಎನ್, ಆರ್ಚ್‌ನಲ್ಲಿ ಟೆಸರಾಕ್ಟ್-ಡೇಟಾ-ಕೆಎಎನ್. ಹೆಸರು ಹುಡುಕಿ ಸಿಗಲಿಲ್ಲ ಎಂದು "ಇಲ್ಲ" ಅಂತ ಬರೆದುಕೊಳ್ಳುವ ಮೊದಲು ಒಮ್ಮೆ ವಿವರಣೆಯಲ್ಲೂ ಹುಡುಕಿ. "ಆಪ್ಟ್ ಸರ್ಚ್", "ಡಿಎನ್‌ಎಫ್ ಸರ್ಚ್", "ಪ್ಯಾಕ್‌ಮ್ಯಾನ್ -ಎಸ್‌ಎಸ್" ಮೂರೂ ವಿವರಣೆಯನ್ನೂ ಜಾಲಾಡುತ್ತವೆ.

ಆವೃತ್ತಿಯ ಕಾಲಂ ತುಂಬಿದಾಗ ಚಿತ್ರ ಹೀಗೆ ಕಾಣುತ್ತದೆ. ಡೆಬಿಯನ್ 12ರಲ್ಲಿ ಪೋಸ್ಟ್‌ಗ್ರೆಸ್ 15, ಪೈಥಾನ್ 3.11, ಎಫ್‌ಎಫ್‌ಎಂಪೆಗ್ 5.1. ಡೆಬಿಯನ್ 13ರಲ್ಲಿ ಅವೇ 17, 3.13, 7.1. ಉಬುಂಟು 24.04ರಲ್ಲಿ 16, 3.12, 6.1. ಇವು ಆಯಾ ಬಿಡುಗಡೆಯ ಆಯಸ್ಸು ಮುಗಿಯುವವರೆಗೂ ಇದೇ ಸಾಲಿನಲ್ಲಿ ಇರುತ್ತವೆ. ಆರ್ಚ್‌ನ ಕಾಲಂನಲ್ಲಿ ಸಂಖ್ಯೆ ಬರೆದು ಪ್ರಯೋಜನವಿಲ್ಲ, ಅದು ಮುಂದಿನ ವಾರವೇ ಬದಲಾಗಬಹುದು. ಫ್ರೀಬಿಎಸ್‌ಡಿ ಪೋಸ್ಟ್‌ಗ್ರೆಸ್‌ನ ಹಲವು ಸಾಲುಗಳನ್ನು ಬೇರೆ ಬೇರೆ ಹೆಸರಿನಲ್ಲಿ ಏಕಕಾಲಕ್ಕೆ ಕೊಡುತ್ತದೆ; ಬೇಕಾದ್ದನ್ನು ನೀವೇ ಆರಿಸಿಕೊಳ್ಳಬಹುದು. ಡೇಟಾಬೇಸ್ ನಡೆಸುವವರಿಗೆ ಇದು ದೊಡ್ಡ ಅನುಕೂಲ.

ಯಾವ ವಿಭಾಗದಲ್ಲಿದೆ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು, ನಿಜವಾದ ವ್ಯತ್ಯಾಸ ಇರುವುದೂ ಇಲ್ಲೇ. ಒಂದೇ ರೆಪೊದೊಳಗೆ ಎಲ್ಲ ಪ್ಯಾಕೇಜ್‌ಗಳಿಗೂ ಒಂದೇ ಆರೈಕೆ ಸಿಗುವುದಿಲ್ಲ.

ಉಬುಂಟು 24.04ರಲ್ಲಿ "ಆಪ್ಟ್-ಕ್ಯಾಶ್ ಪಾಲಿಸಿ ಎಫ್‌ಎಫ್‌ಎಂಪೆಗ್" ಎಂದು ಕೊಟ್ಟು ನೋಡಿ. ಆವೃತ್ತಿಯ ಕೆಳಗಿನ ಸಾಲಿನಲ್ಲಿ "ನೋಬಲ್/ಯೂನಿವರ್ಸ್" ಎಂದಿರುತ್ತದೆ. ಎಲ್‌ಟಿಎಸ್ ಎಂದರೆ ಐದು ವರ್ಷದ ಸೆಕ್ಯುರಿಟಿ ಅಪ್‌ಡೇಟ್ ಎಂಬ ಭರವಸೆ ಇರುವುದು ಮೇನ್ ವಿಭಾಗಕ್ಕೆ. ಯೂನಿವರ್ಸ್ ಅನ್ನು ಸಮುದಾಯ ನೋಡಿಕೊಳ್ಳುತ್ತದೆ; ಅದಕ್ಕೆ ಖಾತರಿಯ ಅಪ್‌ಡೇಟ್ ಬೇಕಾದರೆ ಉಬುಂಟು ಪ್ರೊ ಜೋಡಿಸಬೇಕು. ವೈಯಕ್ತಿಕ ಬಳಕೆಗೆ 5 ಯಂತ್ರಗಳವರೆಗೆ ಅದು ಉಚಿತ, ಮೇನ್ ಮತ್ತು ಯೂನಿವರ್ಸ್ ಎರಡಕ್ಕೂ ಹತ್ತು ವರ್ಷ. ನಮ್ಮ ಉದಾಹರಣೆಯ ಟೆಸರಾಕ್ಟ್ ಮತ್ತು ಎಫ್‌ಎಫ್‌ಎಂಪೆಗ್ ಎರಡೂ ಯೂನಿವರ್ಸ್‌ನಲ್ಲಿವೆ. ಹೊರಗಿನವರು ಅಪ್‌ಲೋಡ್ ಮಾಡಿದ ಫೈಲುಗಳನ್ನು ಬಿಚ್ಚುವ ತಂತ್ರಾಂಶಕ್ಕೆ ಸೆಕ್ಯುರಿಟಿ ಅಪ್‌ಡೇಟ್ ತಡವಾದರೆ ಅದು ಸಣ್ಣ ವಿಷಯವಲ್ಲ. "ಪ್ರೊ ಸೆಕ್ಯುರಿಟಿ-ಸ್ಟೇಟಸ್" ಕಮಾಂಡ್ ನಿಮ್ಮ ಯಂತ್ರದ ಎಷ್ಟು ಪ್ಯಾಕೇಜ್ ಯಾವ ವಿಭಾಗದ್ದು ಎಂದು ಲೆಕ್ಕ ಕೊಡುತ್ತದೆ.

ಡೆಬಿಯನ್‌ನಲ್ಲಿ ಮೇನ್ ಪೂರ್ತಿಗೂ ಸುಮಾರು ಮೂರು ವರ್ಷದ ಪೂರ್ಣ ಬೆಂಬಲ, ಆಮೇಲೆ ಎರಡು ವರ್ಷ ಎಲ್‌ಟಿಎಸ್ ತಂಡದ್ದು. ಡೆಬಿಯನ್ 12ಕ್ಕೆ ಎಲ್‌ಟಿಎಸ್ ಮುಗಿಯುವುದು 2028ರ ಜೂನ್‌ನಲ್ಲಿ. ಕೆಲವು ಪ್ಯಾಕೇಜ್‌ಗಳಿಗೆ ಮಾತ್ರ ಬೆಂಬಲ ಸೀಮಿತ. ಡೆಬಿಯನ್-ಸೆಕ್ಯುರಿಟಿ-ಸಪೋರ್ಟ್ ಎಂಬ ಪ್ಯಾಕೇಜ್ ಹಾಕಿ "ಚೆಕ್-ಸಪೋರ್ಟ್-ಸ್ಟೇಟಸ್" ಕೊಟ್ಟರೆ ನಿಮ್ಮ ಯಂತ್ರದಲ್ಲಿ ಅಂಥವು ಇವೆಯೇ ಎಂದು ತಿಳಿಯುತ್ತದೆ.

ಅಲ್ಮಾ, ರಾಕಿಗಳ ಮೂಲ ರೆಪೊ ಬೇಸ್‌ಒಎಸ್‌ಗೆ ಹತ್ತು ವರ್ಷದ ಆಯಸ್ಸು. ಆದರೆ ಅವುಗಳ ರೆಪೊ ಚಿಕ್ಕದು, ಬೇಕಾದ್ದರಲ್ಲಿ ಬಹಳಷ್ಟು ಇಪಿಇಎಲ್ ಎಂಬ ಹೆಚ್ಚುವರಿ ರೆಪೊದಿಂದ ಬರಬೇಕು. ಇಪಿಇಎಲ್‌ನ ಪ್ಯಾಕೇಜ್‌ಗಳನ್ನು ಸ್ವಯಂಸೇವಕರು ನೋಡಿಕೊಳ್ಳುತ್ತಾರೆ. ನೋಡುವವರು ಕೈಬಿಟ್ಟರೆ ನಡುವೆಯೇ ತೆಗೆದುಹಾಕಲೂಬಹುದು. ಅಲ್ಮಾ, ರಾಕಿಗಳ ಇನ್ನೊಂದು ರೆಪೊ ಆಪ್‌ಸ್ಟ್ರೀಮ್‌ನ ಕೆಲವು ಆವೃತ್ತಿಗಳ ಆಯಸ್ಸೂ ಹತ್ತು ವರ್ಷಕ್ಕಿಂತ ಬಹಳ ಕಡಿಮೆ. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನಲ್ಲಿ ಅಂತರ ಇನ್ನೂ ತೀಕ್ಷ್ಣ: ಮೇನ್ ವಿಭಾಗಕ್ಕೆ ಎರಡು ವರ್ಷ, ಕಮ್ಯುನಿಟಿ ವಿಭಾಗಕ್ಕೆ ಮುಂದಿನ ಬಿಡುಗಡೆ ಬರುವವರೆಗೆ ಮಾತ್ರ, ಅಂದರೆ ಸುಮಾರು ಆರು ತಿಂಗಳು. ಆಲ್ಪೈನ್ ಆಧಾರದ ಕಂಟೈನರ್‌ಗಳನ್ನು (ಪ್ರತ್ಯೇಕ ಆವರಣದಲ್ಲಿ ಓಡುವ ಸಿಸ್ಟಂಗಳನ್ನು) ವರ್ಷಗಟ್ಟಲೆ ಮುಟ್ಟದೆ ಬಿಡುವವರು ಇದನ್ನು ಗಮನಿಸಲೇಬೇಕು.

ಆರ್ಚ್‌ನ ಅಧಿಕೃತ ರೆಪೊಗಳು ಕೋರ್, ಎಕ್ಸ್‌ಟ್ರಾ, ಮಲ್ಟಿಲಿಬ್. ಹಿಂದಿನ ಕಮ್ಯುನಿಟಿ ರೆಪೊ 2023ರ ಮೇನಲ್ಲಿ ಎಕ್ಸ್‌ಟ್ರಾದೊಳಗೆ ಸೇರಿತು. ಬಳಕೆದಾರರ ರೆಪೊ ಆದ ಎಯುಆರ್ ಇವುಗಳ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಇರುವುದು ಯಾರು ಬೇಕಾದರೂ ಹಾಕಬಹುದಾದ ಕಟ್ಟುವ ಸ್ಕ್ರಿಪ್ಟ್‌ಗಳು. 2025ರ ಜುಲೈನಲ್ಲಿ ಬ್ರೌಸರ್‌ನ ಪ್ಯಾಚ್ ಆವೃತ್ತಿ ಎಂಬ ಸೋಗಿನಲ್ಲಿ ಬಂದ ಮೂರು ಎಯುಆರ್ ಪ್ಯಾಕೇಜ್‌ಗಳು ದೂರದಿಂದ ಯಂತ್ರವನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಮಾಲ್‌ವೇರ್ ಹಾಕುತ್ತಿದ್ದವು. ನಿಮ್ಮ ಪಟ್ಟಿಯಲ್ಲಿ ಎಯುಆರ್‌ನಿಂದ ಬರಬೇಕಾದ್ದನ್ನು "ಸಿಗುತ್ತದೆ" ಎಂದು ಬರೆಯಬೇಡಿ. "ನಾನೇ ಪಿಕೆಜಿಬಿಲ್ಡ್ (ಕಟ್ಟುವ ಸ್ಕ್ರಿಪ್ಟ್) ಓದಿ ಕಟ್ಟಬೇಕು" ಎಂದು ಬರೆಯಿರಿ.

ಆವೃತ್ತಿಯ ಬಾಲ ಓದಲು ಕಲಿಯಿರಿ

2024ರ ಜುಲೈ 1ರಂದು ಓಪನ್‌ಎಸ್‌ಎಸ್‌ಎಚ್‌ನಲ್ಲಿ ರೆಗ್ರೆಶನ್ ಎಂದು ಹೆಸರಾದ ಗಂಭೀರ ದೋಷ ಬಯಲಾಯಿತು. ಮೂಲ ಯೋಜನೆ ಅದನ್ನು ಸರಿಪಡಿಸಿದ್ದು 9.8ರಲ್ಲಿ. ಡೆಬಿಯನ್ 12ರಲ್ಲಿ ಇದ್ದದ್ದು 9.2, ಸರಿಪಡಿಸಿದ ಮೇಲೂ ಉಳಿದದ್ದು 9.2. ಬದಲಾದದ್ದು ಬಾಲ ಮಾತ್ರ: 1:9.2ಪಿ1-2+ಡೆಬ್12ಯು3.

ಇದನ್ನು ಬಿಡಿಸಿ ಓದೋಣ. ಮೊದಲ "1:" ಎಂಬುದು ಹೋಲಿಕೆಯ ಕ್ರಮ ಕೆಡದಿರಲಿ ಎಂದು ಡೆಬಿಯನ್ ಹಾಕಿಕೊಳ್ಳುವ ಗುರುತು, ತಂತ್ರಾಂಶಕ್ಕೂ ಅದಕ್ಕೂ ಸಂಬಂಧವಿಲ್ಲ. "9.2ಪಿ1" ಮೂಲ ಆವೃತ್ತಿ. "-2" ಡೆಬಿಯನ್ ಅದನ್ನು ಎರಡನೇ ಸಲ ಕಟ್ಟಿದ್ದು. "+ಡೆಬ್12ಯು3" ಎಂದರೆ ಡೆಬಿಯನ್ 12 ಬಿಡುಗಡೆಯಾದ ಮೇಲಿನ ಮೂರನೇ ತಿದ್ದುಪಡಿ. ಹೊಸ ಆವೃತ್ತಿಯಿಂದ ದೋಷ ನಿವಾರಣೆಯ ಸಾಲುಗಳನ್ನಷ್ಟೇ ಕಿತ್ತು ಹಳೆಯದಕ್ಕೆ ಹೊಲಿದಿದ್ದಾರೆ. ಹೊಸ ಸೌಲಭ್ಯ, ಹೊಸ ಡೀಫಾಲ್ಟ್, ಬದಲಾದ ಕಾನ್ಫಿಗರೇಶನ್ ಯಾವುದೂ ಜೊತೆಗೆ ಬಂದಿಲ್ಲ.

ಇದು ಗೊತ್ತಿಲ್ಲದ ಸ್ಕ್ಯಾನರ್‌ಗಳು 9.2 ಎಂದು ಕಂಡೊಡನೆ ಯಂತ್ರಕ್ಕೆ ಅಪಾಯ ಎಂದು ವರದಿ ಕೊಡುತ್ತವೆ. ಆ ವರದಿ ನಂಬಿ ಎಷ್ಟೋ ಜನ ಮೂಲದಿಂದ ಹೊಸ ಆವೃತ್ತಿ ಕಟ್ಟಿ ಹಾಕಿಕೊಂಡು, ಅಲ್ಲಿಂದಾಚೆಗೆ ಯಾವ ಅಪ್‌ಡೇಟೂ ಬಾರದಂತೆ ಮಾಡಿಕೊಳ್ಳುತ್ತಾರೆ. ನಿಜಸ್ಥಿತಿ ತಿಳಿಯಲು ಡೆಬಿಯನ್‌ನಲ್ಲಿ "ಆಪ್ಟ್ ಚೇಂಜ್‌ಲಾಗ್ ಓಪನ್‌ಎಸ್‌ಎಸ್‌ಎಚ್-ಸರ್ವರ್", ಫೆಡೋರಾ, ಅಲ್ಮಾದಂತಹ ಆರ್‌ಪಿಎಂ ಸಿಸ್ಟಂಗಳಲ್ಲಿ "ಆರ್‌ಪಿಎಂ -ಕ್ಯೂ --ಚೇಂಜ್‌ಲಾಗ್ ಓಪನ್‌ಎಸ್‌ಎಸ್‌ಎಚ್-ಸರ್ವರ್" ಕೊಟ್ಟು, ಅದರಲ್ಲಿ ದೋಷಕ್ಕೆ ಕೊಟ್ಟ ಗುರುತಾದ ಸಿವಿಇ ಸಂಖ್ಯೆ ಹುಡುಕಿ. ಈ ದೋಷದ್ದು ಸಿವಿಇ-2024-6387.

ಹಳೆಯದನ್ನೇ ಹೊಲಿಯುವುದು ಎಲ್ಲಕ್ಕೂ ಆಗದ ಕೆಲಸ. ಬ್ರೌಸರ್‌ಗಳು ಅಷ್ಟು ವೇಗವಾಗಿ ಬದಲಾಗುತ್ತವೆ. ಹಾಗಾಗಿ ಡೆಬಿಯನ್ ಸ್ಟೇಬಲ್‌ನಲ್ಲೂ ಕ್ರೋಮಿಯಂ ಮತ್ತು ಫೈರ್‌ಫಾಕ್ಸ್ ಇಎಸ್‌ಆರ್ ಹೊಸ ಆವೃತ್ತಿಗೇ ಏರುತ್ತವೆ. ಉಬುಂಟು ಅವೆರಡನ್ನೂ ತನ್ನದೇ ಪ್ಯಾಕೇಜ್ ರೂಪವಾದ ಸ್ನ್ಯಾಪ್‌ಗೆ ಸಾಗಿಸಿದೆ.

ಬದಲಾವಣೆ ಹೇಗೆ ಬರುತ್ತದೆ

ಡೆಬಿಯನ್‌ನಲ್ಲಿ ಪ್ಯಾಕೇಜ್ ಮೊದಲು ಅನ್‌ಸ್ಟೇಬಲ್‌ಗೆ ಬರುತ್ತದೆ. ತುರ್ತಿನ ಮಟ್ಟ ನೋಡಿ ಸಾಮಾನ್ಯವಾಗಿ 2, 5 ಅಥವಾ 10 ದಿನ ಗಂಭೀರ ದೂರು ಬರದಿದ್ದರೆ ಟೆಸ್ಟಿಂಗ್‌ಗೆ ಹೋಗುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗ್ ಅನ್ನು ಹಂತಹಂತವಾಗಿ ಹೆಪ್ಪುಗಟ್ಟಿಸಿ ಸ್ಟೇಬಲ್ ಮಾಡುತ್ತಾರೆ. ಡೆಬಿಯನ್ 12ಕ್ಕೆ ಈ ಕೆಲಸ 2023ರ ಜನವರಿಯಲ್ಲಿ ಶುರುವಾಗಿ ಜೂನ್ 10ಕ್ಕೆ ಮುಗಿಯಿತು.

ಈ ನಿಧಾನದ ಬೆಲೆ ತಿಳಿದದ್ದು 2024ರ ಮಾರ್ಚ್ 29ರಂದು. ಫೈಲು ಕುಗ್ಗಿಸುವ ಎಕ್ಸ್‌ಜೆಡ್‌ನ 5.6.0 ಮತ್ತು 5.6.1ರಲ್ಲಿ ಯಾರೋ ಹಿಂಬಾಗಿಲು ಅಡಗಿಸಿದ್ದನ್ನು ಆಂಡ್ರೆಸ್ ಫ್ರಾಯಿಂಡ್ ಪತ್ತೆ ಹಚ್ಚಿದರು. ಆ ಹೊತ್ತಿಗೆ ಆ ಆವೃತ್ತಿಗಳು ಡೆಬಿಯನ್ ಅನ್‌ಸ್ಟೇಬಲ್ ಮತ್ತು ಟೆಸ್ಟಿಂಗ್, ಫೆಡೋರಾದ ಅಭಿವೃದ್ಧಿ ಕವಲು ರಾಹೈಡ್, ಟಂಬಲ್‌ವೀಡ್, ಆರ್ಚ್ ತಲುಪಿದ್ದವು. ಡೆಬಿಯನ್ 12ರಲ್ಲಿ ಇನ್ನೂ 5.4.1 ಇತ್ತು. ಹಾಗೆಂದು ಹಳೆಯದೆಲ್ಲ ಸುರಕ್ಷಿತ ಎಂದುಕೊಂಡರೂ ತಪ್ಪೇ. ಮೇಲಿನ ಓಪನ್‌ಎಸ್‌ಎಸ್‌ಎಚ್ ದೋಷ ತಟ್ಟಿದ್ದು ಅದೇ ಡೆಬಿಯನ್ 12ಕ್ಕೆ.

ಫೆಡೋರಾ ಆರು ತಿಂಗಳಿಗೊಮ್ಮೆ ಬರುತ್ತದೆ, ಪ್ರತಿ ಬಿಡುಗಡೆಗೆ ಸುಮಾರು 13 ತಿಂಗಳ ಆಯಸ್ಸು. ಒಂದು ಬಿಡುಗಡೆಯೊಳಗೇ ಸಿಸ್ಟಂನ ತಿರುಳಾದ ಕರ್ನಲ್ ಹೊಸ ಸಾಲಿಗೆ ಏರುತ್ತದೆ, ಹೊಸ ಲ್ಯಾಪ್‌ಟಾಪ್ ಕೊಂಡವರಿಗೆ ಅದು ವರ. ಎಫ್‌ಎಫ್‌ಎಂಪೆಗ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಅಧಿಕೃತ ರೆಪೊದಲ್ಲಿರುವುದು ಪೇಟೆಂಟ್ ತೊಡಕಿನ ಕೋಡೆಕ್‌ಗಳನ್ನು (ಧ್ವನಿ, ವಿಡಿಯೊ ಬಿಡಿಸುವ ಭಾಗಗಳನ್ನು) ಬಿಟ್ಟ ಎಫ್‌ಎಫ್‌ಎಂಪೆಗ್-ಫ್ರೀ. ಪೂರ್ತಿಯದು ಬೇಕಾದರೆ ಹೊರಗಿನ ರೆಪೊ ಆದ ಆರ್‌ಪಿಎಂ ಫ್ಯೂಷನ್ ಸೇರಿಸಿ "ಡಿಎನ್‌ಎಫ್ ಸ್ವಾಪ್ ಎಫ್‌ಎಫ್‌ಎಂಪೆಗ್-ಫ್ರೀ ಎಫ್‌ಎಫ್‌ಎಂಪೆಗ್ --ಅಲೌಇರೇಸಿಂಗ್" ಕೊಡಬೇಕು.

ಆರ್ಚ್‌ನಲ್ಲಿ ಪೋಸ್ಟ್‌ಗ್ರೆಸ್ ನಡೆಸುವವರಿಗೆ ಕಾದಿರುವ ತೊಂದರೆಯನ್ನು ಮೊದಲೇ ಹೇಳಬೇಕು. ಮೂಲ ಯೋಜನೆಯ ಹೊಸ ದೊಡ್ಡ ಆವೃತ್ತಿ ರೆಪೊಗೆ ಬಂದ ದಿನ "ಪ್ಯಾಕ್‌ಮ್ಯಾನ್ -ಎಸ್‌ವೈಯು" ಕೊಟ್ಟರೆ ಪ್ರೋಗ್ರಾಂ ಬದಲಾಗುತ್ತದೆ, ಡೇಟಾ ಫೈಲುಗಳು ಹಳೆಯ ರೂಪದಲ್ಲೇ ಇರುತ್ತವೆ. ಸರ್ವರ್ ಏಳುವುದಿಲ್ಲ, ಡೇಟಾಬೇಸ್ ಫೈಲುಗಳು ಈ ಸರ್ವರ್‌ಗೆ ಹೊಂದುವುದಿಲ್ಲ ಎಂಬ ಸಂದೇಶ ಲಾಗ್‌ನಲ್ಲಿ ಬರುತ್ತದೆ. ಡೇಟಾ ಕೆಟ್ಟಿರುವುದಿಲ್ಲ, ಗಾಬರಿಯಲ್ಲಿ ಡೇಟಾ ಡೈರೆಕ್ಟರಿ ಅಳಿಸಬೇಡಿ. ಪೋಸ್ಟ್‌ಗ್ರೆಸ್ಕ್ಯೂಎಲ್-ಓಲ್ಡ್-ಅಪ್‌ಗ್ರೇಡ್ ಎಂಬ ಪ್ಯಾಕೇಜ್ ಹಳೆಯ ಪ್ರೋಗ್ರಾಂಗಳನ್ನು ತರುತ್ತದೆ, ಅದರ ನೆರವಿನಿಂದ ಪಿಜಿ_ಅಪ್‌ಗ್ರೇಡ್ ನಡೆಸಬೇಕು. ಇದು ಬೇಡವೆಂದರೆ ಪ್ಯಾಕ್‌ಮ್ಯಾನ್ ಕಾನ್ಫಿಗರೇಶನ್‌ನ ಇಗ್ನೋರ್‌ಪಿಕೆಜಿ ಸಾಲಿಗೆ ಪೋಸ್ಟ್‌ಗ್ರೆಸ್ ಸೇರಿಸಿ, ಬಿಡುವಿದ್ದ ದಿನ ಮೇಲೇರಿಸಿ. ಪೈಥಾನ್‌ದೂ ಇದೇ ಬಗೆ: 3.12ರಿಂದ 3.13ಕ್ಕೆ ಹೋದಂತಹ ದಿನ, ಎಯುಆರ್‌ನಿಂದ ಕಟ್ಟಿದ ಪೈಥಾನ್ ಪ್ಯಾಕೇಜ್‌ಗಳು ಹಳೆಯ ಡೈರೆಕ್ಟರಿಯಲ್ಲೇ ಉಳಿದು ಕೆಲಸ ನಿಲ್ಲಿಸುತ್ತವೆ, ಅವನ್ನು ಮತ್ತೆ ಕಟ್ಟಬೇಕು. "-ಎಸ್‌ವೈ" ಮಾತ್ರ ಕೊಟ್ಟು ಒಂದೇ ಪ್ಯಾಕೇಜ್ ಹಾಕುವುದಂತೂ ಕೂಡದು. ಅರ್ಧ ಹೊಸದು, ಅರ್ಧ ಹಳೆಯದು ಸೇರಿ ಲೈಬ್ರರಿಗಳು ಹೊಂದದೆ ಹೋಗುತ್ತವೆ. ಇಂಥ ಭಾಗಶಃ ಅಪ್‌ಗ್ರೇಡ್‌ಗೆ ಆರ್ಚ್‌ನಲ್ಲಿ ಬೆಂಬಲವೇ ಇಲ್ಲ.

ಫ್ರೀಬಿಎಸ್‌ಡಿಯಲ್ಲಿ ಮೂಲ ಸಿಸ್ಟಂ ಬೇರೆ, ಪ್ಯಾಕೇಜ್‌ಗಳು ಬೇರೆ. ಪ್ಯಾಕೇಜ್‌ಗಳಿಗೆ ಎರಡು ಕವಲು: ಕ್ವಾರ್ಟರ್ಲಿ ಮತ್ತು ಲೇಟೆಸ್ಟ್. ಬಿಡುಗಡೆ ಆವೃತ್ತಿಗಳಲ್ಲಿ ಡೀಫಾಲ್ಟ್ ಆಗಿ ಬರುವುದು ಕ್ವಾರ್ಟರ್ಲಿ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಆರಂಭದಲ್ಲಿ ಹೊಸ ಕವಲು ಒಡೆಯುತ್ತದೆ, ನಡುವೆ ಮುಖ್ಯವಾಗಿ ಸೆಕ್ಯುರಿಟಿ ಮತ್ತು ಬಿಲ್ಡ್ ತಿದ್ದುಪಡಿಗಳು. ಅಂದರೆ ವರ್ಷಕ್ಕೆ ನಾಲ್ಕು ಸಲ ಎಲ್ಲವೂ ಒಟ್ಟಿಗೆ ಜಿಗಿಯುತ್ತದೆ. ಆ ಜಿಗಿತದಲ್ಲಿ ಯಾವುದಾದರೂ ಪೋರ್ಟ್ ಬಿಲ್ಡ್ ಆಗದಿದ್ದರೆ ಅದರ ಪ್ಯಾಕೇಜ್ ರೆಪೊದಿಂದ ಕಾಣೆಯಾಗುತ್ತದೆ, ಅಪ್‌ಗ್ರೇಡ್ ಮಾಡುವಾಗ ನಿಮ್ಮ ಯಂತ್ರದಿಂದಲೂ ತೆಗೆಯಲು ಪಿಕೆಜಿ ಮುಂದಾಗಬಹುದು. ಅದಕ್ಕೇ ಮೊದಲು "ಪಿಕೆಜಿ ಅಪ್‌ಗ್ರೇಡ್ -ಎನ್" ಕೊಟ್ಟು, ತೆಗೆಯಲಾಗುವವು ಎಂಬ ಪಟ್ಟಿಯನ್ನು ಕಣ್ಣಿಟ್ಟು ಓದಿ. ಅಲ್ಲಿ ನಿಮಗೆ ಬೇಕಾದದ್ದು ಕಂಡರೆ ಕೆಲವು ದಿನ ಕಾಯಿರಿ. ಗ್ರಾಫಿಕ್ಸ್ ಡ್ರೈವರ್ ತರುವ ಡಿಆರ್‌ಎಂ-ಕೆಮಾಡ್ ಹೊಸ ಕಿರು ಆವೃತ್ತಿಗೆ ಏರಿದಾಗಲೆಲ್ಲ ಕೈಕೊಡುತ್ತಿತ್ತು, ಏಕೆಂದರೆ ಪ್ಯಾಕೇಜ್‌ಗಳನ್ನು ಹಿಂದಿನ ಕಿರು ಆವೃತ್ತಿಯ ಮೇಲೆ ಕಟ್ಟುತ್ತಿದ್ದರು. 14.2ರಿಂದ ಕರ್ನಲ್ ಮಾಡ್ಯೂಲ್‌ಗಳಿಗೆ ಬೇರೆಯೇ ರೆಪೊ ಬಂದಿದೆ.

ಓಪನ್‌ಬಿಎಸ್‌ಡಿಯಲ್ಲಿ ಇತ್ತೀಚಿನ ಎರಡು ಬಿಡುಗಡೆಗಳಿಗಷ್ಟೇ ಬೆಂಬಲ, ಒಂದನ್ನು ಹಾರಿ ಮುಂದಿನದಕ್ಕೆ ಹೋಗುವಂತಿಲ್ಲ. ಆರು ತಿಂಗಳಿಗೊಮ್ಮೆ ಅಪ್‌ಗ್ರೇಡ್ ಮಾಡುವ ಶಿಸ್ತು ಇಲ್ಲದಿದ್ದರೆ ಅದನ್ನು ಆರಿಸಬೇಡಿ.

ಹಾಕಿ ನೋಡಿ

ಕಾಗದದ ಮೇಲೆ ಎರಡು ಮೂರು ಉಳಿದ ಮೇಲೆ ಕಂಟೈನರ್‌ನಲ್ಲಿ ಪರೀಕ್ಷಿಸಿ. "ಪಾಡ್‌ಮನ್ ರನ್ -ಐಟಿ ಡೆಬಿಯನ್:13" ಎಂದರೆ ನಿಮಿಷದಲ್ಲಿ ಡೆಬಿಯನ್ ಎದುರಿಗೆ ಬರುತ್ತದೆ. ಫೆಡೋರಾ, ಆರ್ಚ್, ಟಂಬಲ್‌ವೀಡ್‌ಗೂ ಕಂಟೈನರ್ ಇಮೇಜ್‌ಗಳಿವೆ. ಫ್ರೀಬಿಎಸ್‌ಡಿಗೆ ವರ್ಚುವಲ್ ಮಷೀನ್ ಬೇಕು. ಕಂಟೈನರ್ ನಿಮ್ಮದೇ ಕರ್ನಲ್ ಬಳಸುವುದರಿಂದ ವೈಫೈ, ಗ್ರಾಫಿಕ್ಸ್ ಬಗ್ಗೆ ಅದು ಏನೂ ಹೇಳುವುದಿಲ್ಲ. ಅದಕ್ಕೆ ಲೈವ್ ಯುಎಸ್‌ಬಿಯೇ ಆಗಬೇಕು.

ಒಳಗೆ ಹೋಗಿ ಟೆಸರಾಕ್ಟ್ ಮತ್ತು ಕನ್ನಡ ಡೇಟಾ ಹಾಕಿ "ಟೆಸರಾಕ್ಟ್ --ಲಿಸ್ಟ್-ಲ್ಯಾಂಗ್ಸ್" ಕೊಡಿ. ಪಟ್ಟಿಯಲ್ಲಿ ಕೆಎಎನ್ ಇರಬೇಕು. ಡೆಬಿಯನ್‌ನಲ್ಲಿ ಟೆಸರಾಕ್ಟ್ ಮಾತ್ರ ಹಾಕಿದರೆ ಇಂಗ್ಲಿಷ್ ಡೇಟಾ ಬರುತ್ತದೆ, ಕನ್ನಡ ಬರುವುದಿಲ್ಲ. ಆರ್ಚ್‌ನಲ್ಲಿ ಯಾವ ಭಾಷೆಯ ಡೇಟಾ ಬೇಕೆಂದು ಉದ್ದ ಪಟ್ಟಿ ತೋರಿಸಿ ಕೇಳುತ್ತದೆ; ಓದದೆ ಎಂಟರ್ ಒತ್ತಿದರೆ ಪಟ್ಟಿಯ ಮೊದಲನೆಯದಾದ ಆಫ್ರಿಕಾನ್ಸ್ ಬಂದು ಕೂರುತ್ತದೆ. ಆಮೇಲೆ ನಿಮ್ಮದೇ ಒಂದು ಪುಟ ಕೊಟ್ಟು "-ಎಲ್ ಕೆಎಎನ್" ಆಯ್ಕೆಯೊಂದಿಗೆ ನಡೆಸಿ, ಒತ್ತಕ್ಷರಗಳು ಎಲ್ಲೆಲ್ಲಿ ಕೆಟ್ಟಿವೆ ನೋಡಿ. ಒಂದೇ ಪುಟವನ್ನು ಎಲ್ಲ ಸಿಸ್ಟಂಗಳಲ್ಲೂ ಓಡಿಸಿದರೆ ಆವೃತ್ತಿಯ ವ್ಯತ್ಯಾಸ ಕೆಲಸಕ್ಕೆ ತಟ್ಟುತ್ತದೆಯೋ ಇಲ್ಲವೋ ತಿಳಿಯುತ್ತದೆ. ಫಾಂಟ್‌ಗಳಿಗೆ ಡೆಬಿಯನ್‌ನಲ್ಲಿ ಫಾಂಟ್ಸ್-ಕೆಎನ್‌ಡಿಎ ಹಾಕಿದರೆ ಗುಬ್ಬಿ, ನವಿಲು, ಲೋಹಿತ್ ಒಟ್ಟಿಗೆ ಬರುತ್ತವೆ.

ಪೈಥಾನ್ ಬಳಸುವವರು ಇನ್ನೊಂದನ್ನು ನೋಡಬೇಕು. ಡೆಬಿಯನ್ 12ರಿಂದ ಈಚೆಗೆ "ಪಿಪ್ ಇನ್‌ಸ್ಟಾಲ್" ನೇರವಾಗಿ ಕೊಟ್ಟರೆ ಈ ಪರಿಸರವನ್ನು ಹೊರಗಿನಿಂದ ನಿರ್ವಹಿಸಲಾಗುತ್ತಿದೆ ಎಂಬ ತಕರಾರು ಬರುತ್ತದೆ. ಅದನ್ನು ಮುರಿಯುವ ಆಯ್ಕೆ ಬಳಸಬೇಡಿ, ವೆನ್ವ್ (ಪೈಥಾನ್‌ನ ಪ್ರತ್ಯೇಕ ಪರಿಸರ) ಮಾಡಿಕೊಳ್ಳಿ. ಆಲ್ಪೈನ್‌ನಲ್ಲಿ ಸಿ ಲೈಬ್ರರಿ ಮಸಲ್ ಆದ್ದರಿಂದ ಸಾಮಾನ್ಯ ಲಿನಕ್ಸ್‌ಗೆ ಕಟ್ಟಿದ ವೀಲ್‌ಗಳು (ಸಿದ್ಧ ಪೈಥಾನ್ ಪ್ಯಾಕೇಜ್‌ಗಳು) ಅಲ್ಲಿ ನಡೆಯುವುದಿಲ್ಲ. ಮಸಲ್‌ಗೆಂದೇ ಕಟ್ಟಿದ್ದು ಇಲ್ಲದಿದ್ದರೆ ಕಂಪೈಲ್ ಆಗುವವರೆಗೆ ಕಾಯಬೇಕು.

ಒಂದೆರಡು ಸಿಗದಿದ್ದರೆ

ಇಪ್ಪತ್ತರಲ್ಲಿ ಹದಿನೆಂಟು ಸಿಕ್ಕು ಎರಡು ಸಿಗದಿದ್ದರೆ ಸಿಸ್ಟಂ ಬದಲಿಸುವ ಅಗತ್ಯವಿಲ್ಲ. ಡೆಬಿಯನ್‌ನಲ್ಲಿ ಮೊದಲು ಬ್ಯಾಕ್‌ಪೋರ್ಟ್ಸ್ ನೋಡಿ. ಟೆಸ್ಟಿಂಗ್‌ನ ಪ್ಯಾಕೇಜ್‌ಗಳನ್ನು ಸ್ಟೇಬಲ್ ಮೇಲೆ ಮತ್ತೆ ಕಟ್ಟಿದ್ದು ಅದು. ರೆಪೊ ಸೇರಿಸಿದ ಮಾತ್ರಕ್ಕೆ ಅಲ್ಲಿಂದ ಏನೂ ತಾನಾಗಿ ಬರುವುದಿಲ್ಲ, "-ಟಿ" ಆಯ್ಕೆಯಿಂದ ನೀವೇ ಕೇಳಬೇಕು. ಪೋಸ್ಟ್‌ಗ್ರೆಸ್‌ಗೆ ಆ ಯೋಜನೆಯದೇ ಆಪ್ಟ್ ರೆಪೊ ಇದೆ, ಬೆಂಬಲವಿರುವ ಎಲ್ಲ ದೊಡ್ಡ ಆವೃತ್ತಿಗಳೂ ಅಲ್ಲಿ ಸಿಗುತ್ತವೆ. ಡೆಸ್ಕ್‌ಟಾಪ್ ತಂತ್ರಾಂಶವಾದರೆ ಬೇರೆ ಬೇರೆ ಲಿನಕ್ಸ್‌ಗಳಲ್ಲಿ ನಡೆಯುವ ಫ್ಲ್ಯಾಟ್‌ಪ್ಯಾಕ್ ರೂಪ ಸಾಕು.

ಮಾಡಬಾರದ್ದು ಒಂದೇ: ಸ್ಟೇಬಲ್ ಯಂತ್ರಕ್ಕೆ ಟೆಸ್ಟಿಂಗ್ ಅಥವಾ ಉಬುಂಟುವಿನ ರೆಪೊ ಸೇರಿಸಿ ಒಂದು ಪ್ಯಾಕೇಜ್ ಎಳೆಯುವುದು. ಅದು ಹೊಸ ಲಿಬ್‌ಸಿ (ಬಹುತೇಕ ಪ್ರೋಗ್ರಾಂಗಳಿಗೆ ಆಧಾರವಾದ ಲೈಬ್ರರಿ) ಕೇಳುತ್ತದೆ, ಲಿಬ್‌ಸಿ ಬಂದರೆ ಅದರ ಹಿಂದೆ ನೂರು ಬರುತ್ತವೆ, ಮರಳುವ ದಾರಿ ಇರುವುದಿಲ್ಲ. ಹಾಕುವ ಮೊದಲು "ಆಪ್ಟ್-ಗೆಟ್ -ಎಸ್ ಇನ್‌ಸ್ಟಾಲ್" ಕೊಟ್ಟರೆ ಏನೇನು ಬದಲಾಗುತ್ತದೆ ಎಂದು ತೋರಿಸಿ ಸುಮ್ಮನಾಗುತ್ತದೆ. ಆ ಪಟ್ಟಿಯಲ್ಲಿ ಲಿಬ್‌ಸಿ6 ಕಂಡರೆ ಅಲ್ಲಿಗೇ ನಿಲ್ಲಿಸಿ.

ಕೊನೆಗೆ ನಿಮ್ಮ ಪಟ್ಟಿಗೆ ಒಂದು ಕಾಲಂ ಸೇರಿಸಿ: ಬೆಂಬಲ ಮುಗಿಯುವ ತಿಂಗಳು. ಸೆಂಟ್‌ಒಎಸ್ 8ಕ್ಕೆ 2029ರವರೆಗೆ ಬೆಂಬಲ ಎಂದಿದ್ದದ್ದು, 2020ರ ಡಿಸೆಂಬರ್‌ನ ಒಂದು ಪ್ರಕಟಣೆಯಿಂದ 2021ರ ಡಿಸೆಂಬರ್ 31ಕ್ಕೇ ಮುಗಿಯಿತು. ಹಾಗಾಗಿ ಆ ತಿಂಗಳಿಗೆ ಆರು ತಿಂಗಳು ಮುಂಚೆ ಕ್ಯಾಲೆಂಡರ್‌ನಲ್ಲಿ ನೆನಪು ಹಾಕಿ, ಜೊತೆಗೆ ನೀವು ಆರಿಸಿದ ಸಿಸ್ಟಂನ ಪ್ರಕಟಣೆಗಳ ಪುಟವನ್ನು ವರ್ಷಕ್ಕೆರಡು ಸಲ ತೆರೆದು ಆ ದಿನಾಂಕ ಬದಲಾಗಿದೆಯೇ ಎಂದು ನೋಡಿ.